ಒಂಬತ್ತನೇ ಪಾಠ

ಯೇಸುವಿನಿಂದ ಸಿಗುವ ರಕ್ಷಣೆ ಪುಕ್ಕಟೆ ಎಂದು ಕಲಿಸಿದವಳು ನಾನೇ. ಅದೇ ಮಾತನ್ನು ಹಾಲಿನ ಡೇರಿಯ ಮಾಲೀಕರೊಬ್ಬರು ನನ್ನ ಮುಖಕ್ಕೇ ತಿರುಗಿಸಿ ಎಸೆದ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ನಾನು ಪ್ರಾರ್ಥನೆಯನ್ನೂ ಮಾಡಿಲ್ಲ.

ಸದಲಗಾದ ನಮ್ಮ ಕ್ರೈಸ್ತ ಸಭೆ ಸಣ್ಣದು. ಅಲ್ಲಿ ಕರ್ತನ ಭೋಜನಕ್ಕೆ, ಅಂದರೆ ರೊಟ್ಟಿಯ ತುಣುಕು ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ, ಹೊಸದಾಗಿ ಸೇರುವವರು ಹನ್ನೆರಡು ಪಾಠ ಮುಗಿಸಬೇಕು. ಮೊದಲ ಆರು ರಕ್ಷಣೆಯವು, ಉಳಿದ ಆರು ಶಿಷ್ಯತ್ವದವು. ಆಮೇಲೆ ಒಂದು ಭಾನುವಾರ ಎಲ್ಲರೆದುರು ನಿಂತು ತಮ್ಮ ನಂಬಿಕೆಗೆ ಸಾಕ್ಷಿ ಹೇಳಬೇಕು. ಅಲ್ಲಿಯವರೆಗೆ ಅವರಿಗೆ ಹಿಂದಿನ ಚಾಪೆ. ರೊಟ್ಟಿಯ ತಟ್ಟೆ ಅಲ್ಲಿಗೆ ಬರುವುದಿಲ್ಲ. ಈ ಪಾಠಗಳನ್ನು ಕಲಿಸುವ ಕೆಲಸ ನನ್ನದಾಗಿತ್ತು. ಶನಿವಾರ ನಿಪ್ಪಾಣಿಯಿಂದ ಬಸ್ಸು ಹಿಡಿದು ಹೋಗಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕಲಿಸಿ ಹಿಂದಿರುಗುತ್ತಿದ್ದೆ. ನಾಲ್ಕಾದ ಮೇಲೆ ಯಾರನ್ನೂ ಕೂರಿಸಲು ಆಗುತ್ತಿರಲಿಲ್ಲ, ಎಮ್ಮೆಗಳು ಪಾಠ ಮುಗಿಯಲಿ ಎಂದು ಕಾಯುವುದಿಲ್ಲ.

ಆ ಸಲ ಐವರಿದ್ದರು. ಕಬ್ಬಿನ ಹೊಲಕ್ಕೆ ಕೂಲಿಗೆ ಹೋಗುವ ಅಕ್ಕತಂಗಿಯರಿಬ್ಬರು, ಶಾಲೆಯಲ್ಲಿ ಬಿಸಿಯೂಟ ಮಾಡುವ ಒಬ್ಬಾಕೆ, ಎರಡು ಎಮ್ಮೆ ಸಾಕಿಕೊಂಡ ಒಬ್ಬ ಅಜ್ಜ, ಮತ್ತು ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಒಬ್ಬ ಹೆಣ್ಣುಮಗಳು. ಈಕೆಗೆ ಮೂವತ್ತರ ಒಳಗಿನ ವಯಸ್ಸು. ಗಂಡ ತೀರಿಕೊಂಡಿದ್ದ. ಅತ್ತೆಯ ಜೊತೆ ಇದ್ದಳು, ಅತ್ತೆ ಮೊದಲಿನಿಂದಲೂ ಕರ್ತನ ಭೋಜನದಲ್ಲಿ ಪಾಲುದಾರಳು. ಸೊಸೆಗೆ ಡೇರಿಯ ಕೆಲಸದಿಂದ ಬಿಡುವಾಗದೆ ಪಾಠ ವರ್ಷದಿಂದ ವರ್ಷಕ್ಕೆ ಮುಂದೆ ಹೋಗಿತ್ತು. ಆ ಡೇರಿ ನಮ್ಮ ಸಭೆಯ ಹಿರಿಯರೊಬ್ಬರದು. ಸಭೆಯ ಮಾಡಿಗೆ ತಗಡು ಹೊದಿಸಿದವರು ಅವರು. ಫ್ಯಾನು ಕೊಟ್ಟವರೂ ಅವರೇ, ಅದು ಅವರು ಕೂರುವ ಜಾಗದ ಮೇಲೆ ಮಾತ್ರ ತಿರುಗುತ್ತದೆ.

ಮೊದಲ ಆರು ವಾರ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಹೋದವು. ರಕ್ಷಣೆ ದೇವರ ಕೃಪೆಯಿಂದ ಬರುವುದು, ನಮ್ಮ ಯೋಗ್ಯತೆಯಿಂದಲ್ಲ. ಗಳಿಸಲಾಗದು, ಕೈಯೊಡ್ಡಿ ತೆಗೆದುಕೊಳ್ಳಬೇಕಷ್ಟೆ. ಮೂರನೇ ಪಾಠದಲ್ಲಿ ನಾನು ಪ್ರತಿ ಸಲವೂ ಒಂದು ಮಾತು ಹೇಳುತ್ತಿದ್ದೆ: ಶಿಲುಬೆಯ ಮೇಲೆ ಎಲ್ಲ ಮುಗಿದಿದೆ, ಅದಕ್ಕೆ ನೀವು ಸೇರಿಸುವಂಥದ್ದು ಏನೂ ಉಳಿದಿಲ್ಲ. ಕೇಳಿದವರ ಮುಖ ಹಗುರಾಗುತ್ತಿತ್ತು. ಜೀವಮಾನವೆಲ್ಲ ಯಾರದಾದರೂ ಬಾಗಿಲಲ್ಲಿ ಕೈಕಟ್ಟಿ ನಿಂತವರಿಗೆ ಏನಾದರೊಂದು ಪುಕ್ಕಟೆ ಸಿಗುವುದು ಸಣ್ಣ ಮಾತಲ್ಲ. ಹಿರಿಯರು ಆ ಪಾಠಗಳಿಗೆ ಬಂದು ಗೋಡೆಗೆ ಒರಗಿ ಕೂತು ಆಮೆನ್ ಅನ್ನುತ್ತಿದ್ದರು, ಚಹಾ ತರಿಸುತ್ತಿದ್ದರು. ಏಳನೇ ವಾರದಿಂದ ಬರುವುದು ಬಿಟ್ಟರು. ನಾನು ಅದನ್ನು ದೊಡ್ಡದಾಗಿ ಗಮನಿಸಲಿಲ್ಲ.

ಏಳನೆಯದು ಹಿಂಬಾಲಿಸುವ ಪಾಠ. ಬಲೆಗಳನ್ನು ದಂಡೆಯಲ್ಲೇ ಬಿಟ್ಟು ಯೇಸುವಿನ ಹಿಂದೆ ಹೋದ ಮೀನುಗಾರರ ಸಂಗತಿ. ರಕ್ಷಣೆ ಹೊಂದಿದವನು ಕೂತಲ್ಲೇ ಕೂತಿರುವುದಿಲ್ಲ, ಎದ್ದು ಹಿಂದೆ ಹೋಗುತ್ತಾನೆ. ಹೋಗಬೇಕಾದರೆ ಕೈಯಲ್ಲಿರುವುದನ್ನು ಬಿಡಬೇಕಾಗುತ್ತದೆ. ಪಾಠದ ಕೊನೆಗೆ ಒಬ್ಬೊಬ್ಬರನ್ನೂ ನಾನು ಕೇಳುತ್ತಿದ್ದೆ, ಮುಂದಿನ ಶನಿವಾರದೊಳಗೆ ಏನು ಬಿಡುತ್ತೀರಿ ಎಂದು. ಇದು ಪಾಠದ ಹಾಳೆಗಳಲ್ಲಿಲ್ಲ, ನಾನು ಸೇರಿಸಿಕೊಂಡದ್ದು. ಸೇರಿಸಿಕೊಂಡ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು. ಜನ ಸಾಮಾನ್ಯವಾಗಿ ಹಲ್ಲಿಗೆ ತಿಕ್ಕುವ ತಂಬಾಕಿನ ಮಿಸ್ರಿ ಬಿಡುತ್ತೇನೆ ಅನ್ನುತ್ತಿದ್ದರು, ನೆರೆಯವಳ ಜೊತೆ ಜಗಳ ಬಿಡುತ್ತೇನೆ ಅನ್ನುತ್ತಿದ್ದರು. ಎರಡು ವಾರದಲ್ಲಿ ಮಿಸ್ರಿಯೂ ಜಗಳವೂ ವಾಪಸು ಬರುತ್ತಿದ್ದವು. ನಾನೂ ಹೆಚ್ಚಿಗೆ ಕೆದಕುತ್ತಿರಲಿಲ್ಲ.

ಎಂಟನೇ ವಾರ ಒಬ್ಬೊಬ್ಬರೇ ತಮ್ಮ ತಮ್ಮದನ್ನು ಹೇಳತೊಡಗಿದರು. ಡೇರಿಯ ಹೆಣ್ಣುಮಗಳ ಸರದಿ ಬಂತು.

"ನಾ ಈಗ ಎಲ್ಲಾರ ಹಾಲೂ ಕಲಕಾಕತ್ತೀನ್ರಿ ಅಕ್ಕಾರ" ಅಂದಳು.

ನನಗೆ ತಲೆಬುಡ ತಿಳಿಯಲಿಲ್ಲ. ಏನೋ ಒಳ್ಳೆಯ ಕೆಲಸವಿರಬೇಕು ಎಂದುಕೊಂಡು, "ಚಲೋ ಆತು ಬೇ" ಎಂದು ಮುಂದಿನವರ ಕಡೆ ತಿರುಗಿದೆ. ಉಳಿದ ನಾಲ್ವರು ಮಾತ್ರ ಅವಳನ್ನೇ ನೋಡುತ್ತಿದ್ದರು. ಹೊರಗೆ ಬಂದ ಮೇಲೆ ಅಜ್ಜ ಬಸ್ ಸ್ಟ್ಯಾಂಡಿನ ತನಕ ನನ್ನ ಜೊತೆ ನಡೆದು ಬಂದರು.

"ಅಕ್ಕಾರ, ಆಕಿ ಏನ್ ಹೇಳಿದ್ಲು ನಿಮಗ ತಿಳೀತೇನ್ರಿ?"

"ಇಲ್ರಿ ಅಜ್ಜಾರ."

"ಸೋಮವಾರ ಮುಂಜಾನೆ ಡೇರಿಗೆ ಬಂದು ನೋಡ್ರಿ. ಬಾಯಿಲೆ ಹೇಳಾಂಗಿಲ್ಲ ನಾ."

ಸೋಮವಾರ ಮೊದಲ ಬಸ್ಸಿಗೆ ಹೋದೆ. ಡೇರಿಯ ಕಟ್ಟೆಯ ಮುಂದೆ ಕ್ಯಾನು, ಕೊಡ ಹಿಡಿದವರ ಸಾಲು. ಹಾಲಿನ ಬೆಲೆ ನಿಲ್ಲುವುದು ಅದರಲ್ಲಿರುವ ಕೊಬ್ಬಿನ ಮೇಲೆ. ಕ್ಯಾನಿನಿಂದ ಒಂದಿಷ್ಟು ಹಾಲನ್ನು ಉದ್ದ ಹಿಡಿಯ ಸೌಟಿನಿಂದ ತೆಗೆದು, ಸಣ್ಣ ಬಾಟಲಿಗೆ ಹಾಕಿ ಫ್ಯಾಟ್ ಮಷೀನಿಗೆ ಒಡ್ಡುತ್ತಾರೆ. ಅಂಕಿ ಮೂಡುತ್ತದೆ, ಚೀಟಿ ಬರುತ್ತದೆ. ಹಾಲು ಹೊಲದ ಮನೆಯಿಂದ ಡೇರಿಗೆ ಬರುವಷ್ಟರಲ್ಲಿ, ಸಾಲಿನಲ್ಲಿ ನಿಂತಷ್ಟು ಹೊತ್ತಿನಲ್ಲಿ, ಕೆನೆ ಮೇಲಕ್ಕೆ ಏರಿರುತ್ತದೆ. ಆದ್ದರಿಂದ ಮಾದರಿ ತೆಗೆಯುವ ಮೊದಲು ತೂತಿನ ತಟ್ಟೆಯಿರುವ ಸರಳಿನಿಂದ ಕ್ಯಾನನ್ನು ತಳದಿಂದ ಮೇಲಿನವರೆಗೆ ಕಲಕಬೇಕು. ಇಲ್ಲದಿದ್ದರೆ ಮೇಲಿನ ಹಾಲು ಗಟ್ಟಿ ತೋರಿಸುತ್ತದೆ, ತಳದ ಹಾಲು ತೆಳು ತೋರಿಸುತ್ತದೆ. ಆ ಡೇರಿಯಲ್ಲಿ ಆರು ವರ್ಷ ಯಾರ ಕ್ಯಾನನ್ನೂ ಕಲಕಿರಲಿಲ್ಲ. ಹಿರಿಯರ ಅಣ್ಣತಮ್ಮಂದಿರ ಕ್ಯಾನಿಗೆ ಸೌಟು ಮೇಲೆ ಮೇಲೆ ಆಡುತ್ತಿತ್ತು. ಮಿಕ್ಕವರ ಕ್ಯಾನಿಗೆ ತಳಕ್ಕೆ ಇಳಿಯುತ್ತಿತ್ತು. ಸೌಟು ಹಿಡಿದ ಕೈ ಈ ಹೆಣ್ಣುಮಗಳದು. ಹಾಗೆ ಹಿಡಿ ಎಂದು ಮೊದಲ ದಿನವೇ ತೋರಿಸಿಕೊಟ್ಟವರು ಹಿರಿಯರು.

ಅವತ್ತು ಅವಳು ಎಲ್ಲರ ಕ್ಯಾನಿಗೂ ಸರಳು ಇಳಿಸಿ ಏಳೆಂಟು ಸಲ ಎತ್ತಿ ಇಳಿಸುತ್ತಿದ್ದಳು. ಹಿರಿಯರ ತಮ್ಮನ ಕ್ಯಾನಿಗೂ ಅಷ್ಟೇ. ಅವನು ಅಂಕಿ ನೋಡಿದ, ಅವಳನ್ನು ನೋಡಿದ, ಚೀಟಿ ಹರಿದುಕೊಂಡು ಹೋದ. ಅವಳು ನನ್ನನ್ನು ಕಂಡು ನಕ್ಕಳು. ಬೆವರುತ್ತಿದ್ದಳು. ಮಿಸ್ರಿ ಬಿಡಿಸಲು ಹೋಗಿ ನಾನು ಏನನ್ನು ಬಿಡಿಸಿದ್ದೆ ಎಂದು ಆಗ ಗೊತ್ತಾಯಿತು.

ಗುರುವಾರ ಚಿಕ್ಕೋಡಿಯಿಂದ ಪಾಸ್ಟರ್ ಫೋನ್ ಮಾಡಿ ಕರೆಸಿದರು. ಅವರಿಗೆ ನಾಲ್ಕು ಊರಿನ ಸಭೆಗಳ ಹೊಣೆ. ಹೋದರೆ ಹಿರಿಯರು ಆಗಲೇ ಕುರ್ಚಿಯಲ್ಲಿದ್ದರು. ನಾನು ತಂದಿದ್ದ ಪಾಠದ ಹಾಳೆಗಳನ್ನು ಕೇಳಿ ಇಸಿದುಕೊಂಡರು. ಹಿರಿಯರು ಯಾವಾಗಲೂ ಸಾವಕಾಶವಾಗಿ ಮಾತಾಡುವವರು, ಅದೇ ನನಗೆ ಇನ್ನೂ ಹೆಚ್ಚು ಸಿಟ್ಟು ತರಿಸುತ್ತದೆ.

"ಅಕ್ಕಾರ, ನೀವು ಪಾಠ ಭಾಳ ಚಲೋ ಮಾಡ್ತೀರಿ. ಮೂರನೇ ಪಾಠದಾಗ ನೀವ ಹೇಳೀರಿ, ಶಿಲುಬಿ ಮ್ಯಾಲ ಎಲ್ಲಾ ಮುಗದೈತಿ ಅಂತ. ಹೌದಿಲ್ರಿ?"

"ಹೌದ್ರಿ ಕಾಕಾ."

"ಹಂಗಾದ್ರ ಅದನ್ನ ಬಿಡು, ಇದನ್ನ ಬಿಡು ಅಂತ ಮ್ಯಾಲ ಮತ್ತ ಭಾರ ಯಾಕ ಹೇರ್ತೀರಿ? ನಾವು ಏನರ ಮಾಡಿದ್ರನ ರಕ್ಷಣಾ ಅಂದ್ರ ಅದು ಕೃಪಾ ಹೆಂಗ ಆಗ್ತೈತ್ರಿ?"

ಇದಕ್ಕೆ ಉತ್ತರವಿದೆ. ಈಗ ಕೇಳಿದರೆ ನಿಂತ ಕಾಲಲ್ಲಿ ಹೇಳಿಯೇನು. ರಕ್ಷಣೆಯ ಬೆಲೆಯಾಗಿ ನಾವು ಹಿಂಬಾಲಿಸುವುದಲ್ಲ, ರಕ್ಷಣೆ ಆದದ್ದು ನಿಜವಾದರೆ ಹಿಂಬಾಲಿಸದೆ ಇರಲಾಗುವುದಿಲ್ಲ. ಮುಳುಗುತ್ತಿದ್ದವನನ್ನು ದಡಕ್ಕೆ ಎಳೆದುಕೊಂಡ ಮೇಲೆ ಅವನು ಇನ್ನೊಬ್ಬನ ತಲೆಯನ್ನು ನೀರಿಗೆ ಅದುಮುತ್ತ ಕೂತರೆ ಅವನು ದಡಕ್ಕೆ ಬಂದದ್ದಾದರೂ ಯಾಕೆ? ಆದರೆ ಆಗ ಅವರು ನನ್ನ ಮಾತನ್ನೇ ಆಡುತ್ತಿದ್ದರು, ಒಂದಕ್ಷರ ಆಚೀಚೆ ಇಲ್ಲ. ನಾನು ಬಡವರ ಬೆನ್ನಿನಿಂದ ಭಾರ ಇಳಿಸಲು ಇಟ್ಟುಕೊಂಡ ಮಾತನ್ನು ಈ ಮನುಷ್ಯ ಕ್ಯಾನಿನ ಮುಚ್ಚಳ ಮಾಡಿಕೊಂಡಿದ್ದರು.

ಡೇರಿಯ ಮಾತು ಅವರು ಎತ್ತಲೇ ಇಲ್ಲ. ನಾನು ಎತ್ತಬಹುದಿತ್ತು, ಎತ್ತಲಿಲ್ಲ. ಹಿರಿಯರು ಹಾಳೆಗಳ ಪಿನ್ನು ಕಿತ್ತು, ಮೊದಲ ಆರು ಪಾಠ ನನ್ನ ಕೈಗೆ ಕೊಟ್ಟು, ಉಳಿದದ್ದನ್ನು ಮೇಜಿನ ಮೇಲಿಟ್ಟರು.

ಪಾಸ್ಟರ್ ಕನ್ನಡಕ ಒರೆಸುತ್ತ ಹೇಳಿದರು, "ಎರಡನೇ ಭಾಗ ಕಡ್ಡಾಯ ಏನಲ್ರಿ ಅಕ್ಕಾರ. ರಕ್ಷಣಾ ಮುಖ್ಯ. ಶಿಷ್ಯತ್ವ ಅನ್ನೋದು ಯಾರಿಗೆ ಹೆಚ್ಚಿನ ಆಸಕ್ತಿ ಐತಿ ಅವರಿಗೆ. ಮೊದಲನೇದ ಮತ್ತೊಮ್ಮಿ ಹೇಳ್ರಿ, ಗಟ್ಟಿ ಆಗಲಿ."

"ಆಗ್ಲಿರಿ" ಅಂದೆ. ಹೀಗೆ ಒಂದು ಪದದಲ್ಲಿ ಒಪ್ಪಿಕೊಂಡು ಬಂದೆ. ಚಿಕ್ಕೋಡಿಯಿಂದ ನಿಪ್ಪಾಣಿಯ ತನಕ ಬಸ್ಸಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಸಭೆ ಒಡೆಯಬಾರದು, ಹೆಣ್ಣುಮಗಳ ಕೆಲಸ ಉಳಿಯಬೇಕು, ಸ್ವಲ್ಪ ದಿನ ತಣ್ಣಗಾಗಲಿ. ಇವೆಲ್ಲ ಹೆದರಿದವರ ಮಾತು. ನನ್ನ ಕೆಲಸಕ್ಕೆ ಕುತ್ತು ಬರುತ್ತದೆ ಎಂಬುದಷ್ಟೇ ನಿಜವಾದ ಕಾರಣವಾಗಿತ್ತು.

ಒಂಬತ್ತನೇ ಶನಿವಾರ ಮೂರನೇ ಪಾಠವನ್ನೇ ಮತ್ತೆ ಮಾಡಿದೆ. ಆ ವಾರವೇ ಅವಳನ್ನು ಕೆಲಸದಿಂದ ತೆಗೆದು ಹಿರಿಯರ ಅಳಿಯನನ್ನು ಮಷೀನಿನ ಮುಂದೆ ಕೂರಿಸಿದರು. ಮರುದಿನದಿಂದ ಅವಳ ಅತ್ತೆಯ ಹಾಲಿಗೆ ನೀರು ಬೆರೆಸಿದೆ ಎಂದು ಎರಡು ಹೊತ್ತು ಕ್ಯಾನು ಹಿಂದಕ್ಕೆ ಕಳಿಸಿದರು. ಆ ಮುದುಕಿ ನಲವತ್ತು ವರ್ಷ ಎಮ್ಮೆ ಕಟ್ಟಿದವಳು, ನೀರು ಬೆರೆಸುವ ಜಾತಿಯ ಹೆಂಗಸಲ್ಲ. ಹಾಲು ಹೊತ್ತು ವಾಪಸು ಬರುವಾಗ ಓಣಿಯಲ್ಲಿ ಎಲ್ಲರೂ ನೋಡಿದರಂತೆ.

ಹತ್ತನೇ ಶನಿವಾರ ನಾನು ನಾಲ್ಕನೇ ಪಾಠ ತೆಗೆದೆ. ಅವಳು ಬಂದಿದ್ದಳು. ಬರುವುದಿಲ್ಲ ಎಂದುಕೊಂಡಿದ್ದೆ, ಬರದಿದ್ದರೆ ಅನುಕೂಲ ಎಂದೂ ಅಂದುಕೊಂಡಿದ್ದೆ. ಅರ್ಧ ತಾಸು ಪಾಠ ಕೇಳಿದಳು. ಆಮೇಲೆ ಕೂತಲ್ಲಿಂದಲೇ ಕೇಳಿದಳು.

"ಅಕ್ಕಾರ, ಎಂಟ ಆದಮ್ಯಾಗ ಒಂಬತ್ತು ಬರ್ತೈತಿ. ಅದು ಯಾಕ ಆಗಲಿಲ್ಲ?"

"ಹಿರ್ಯಾರು ಬ್ಯಾಡ ಅಂದಾರವಾ. ಮೊದಲನೇದು ಗಟ್ಟಿ ಆಗಲಿ ಅಂತ."

"ಮೊದಲನೇದು ನನಗ ಗಟ್ಟಿ ಆಗೇತ್ರಿ. ಅದ್ಕ ಕಲಕಿದ್ನಿ." ಅವಳ ದನಿ ಏರಲಿಲ್ಲ. "ಬಿಡ್ರಿ ಬಿಡ್ರಿ ಅಂತ ನಮಗ ಹೇಳಿದ್ರಿ. ನಾ ಬಿಟ್ಟೆ. ನೀವ ಏನ ಬಿಟ್ರಿ ಅಕ್ಕಾರ?"

ಬಿಸಿಯೂಟದಾಕೆ ನೆಲ ನೋಡಿದಳು. ನನಗೆ ಮೊದಲು ಬಂದದ್ದು ಅವಳ ಮೇಲಿನ ಸಿಟ್ಟು, ಸುಳ್ಳು ಯಾಕೆ ಹೇಳಲಿ. ನನ್ನ ಮುಂದೆ ಚಾಪೆಯ ಮೇಲೆ ಕೂತು ಕಲಿಯುವವಳು ನನ್ನನ್ನು ಹೀಗೆ ಕೇಳುವುದೇ ಎಂದು. ಆ ಸಿಟ್ಟು ಇಳಿಯಲು ಒಂದು ನಿಮಿಷ ಹಿಡಿಯಿತು. ಇಳಿದ ಮೇಲೆ ಉಳಿದದ್ದು ನಾಚಿಕೆ. ಹಿರಿಯರು ತಳದಿಂದ ಹಾಲು ತೆಗೆಸಿದ್ದರು. ನಾನು ಪಾಠದ ಅರ್ಧ ಕಿತ್ತುಕೊಟ್ಟು ಮಿಕ್ಕದ್ದನ್ನು ಪೂರ್ತಿ ಎಂದು ಅಳೆದು ಕೊಡುತ್ತಿದ್ದೆ. ನನಗೂ ಅವರಿಗೂ ಏನು ವ್ಯತ್ಯಾಸ?

ಒಂಬತ್ತನೇ ಪಾಠದ ಹಾಳೆ ನನ್ನ ಬಳಿ ಇರಲಿಲ್ಲ, ಚಿಕ್ಕೋಡಿಯ ಮೇಜಿನ ಮೇಲೆ ಉಳಿದಿತ್ತು. ಎಷ್ಟೋ ಸಲ ಮಾಡಿದ ಪಾಠ, ಹಾಳೆ ಬೇಕಿರಲಿಲ್ಲ. ಅದು ಮಾನಸಾಂತರದ ಪಾಠ. ದೇವರ ಬಳಿ ಕ್ಷಮೆ ಕೇಳಿದರೆ ಸಾಲದು, ಯಾರಿಗೆ ಅನ್ಯಾಯವಾಗಿದೆಯೋ ಅವರ ಮುಂದೆ ಹೋಗಿ ನಿಲ್ಲಬೇಕು, ಆದದ್ದನ್ನು ಆದ ಹಾಗೇ ಹೇಳಬೇಕು, ಸರಿಪಡಿಸಲು ಆಗುವಷ್ಟನ್ನು ಸರಿಪಡಿಸಬೇಕು. ಇನ್ನೊಬ್ಬರ ತಪ್ಪನ್ನು ಮುಂದಿಟ್ಟು ನಮ್ಮದನ್ನು ಹಿಂದೆ ಸರಿಸಬಾರದು. ಅವತ್ತು ನಾನು ಅದನ್ನು ಎಂದಿಗಿಂತ ಗಟ್ಟಿಯಾಗಿ ಹೇಳಿದೆ, ಹೊರಗಿನ ಕಟ್ಟೆಗೂ ಕೇಳುವ ಹಾಗೆ. ನಾಲ್ಕು ಹೊಡೆದು ಅರ್ಧ ತಾಸಾದರೂ ಯಾರೂ ಏಳಲಿಲ್ಲ. ಅಜ್ಜನ ಎಮ್ಮೆಗಳು ಅವತ್ತು ಮೊದಲ ಸಲ ಕಾದವು.

ಸುದ್ದಿ ಮುಟ್ಟಲು ತಡವಾಗಲಿಲ್ಲ. ಪಾಸ್ಟರ್ ಫೋನಿನಲ್ಲಿ ಸಿಡಿಮಿಡಿಗೊಂಡರು. ಪಾಠ ಇಲ್ಲಿಗೆ ಸಾಕು, ಬರುವ ಭಾನುವಾರವೇ ಸಾಕ್ಷಿ, ಎಲ್ಲರಿಗೂ ಬರೆದು ಕೊಡುತ್ತೇನೆ, ಅಷ್ಟನ್ನೇ ಓದಬೇಕು ಎಂದರು. ಅಷ್ಟರಲ್ಲಿ ಕೆಲವು ಮನೆಯವರು ಹಾಲನ್ನು ಪಕ್ಕದ ಊರಿನ ಡೇರಿಗೆ ಒಯ್ಯಲು ಶುರು ಮಾಡಿದ್ದರು. ಹಿರಿಯರ ಮಾನ ಹೋಗಿದೆ, ಆದ್ದರಿಂದ ಆ ಹೆಣ್ಣುಮಗಳು ಸಭೆಯ ಮುಂದೆ ಕ್ಷಮೆ ಕೇಳಲಿ. ಕೇಳಿದರೆ ರೊಟ್ಟಿ, ಇಲ್ಲದಿದ್ದರೆ ಹಿಂದಿನ ಚಾಪೆ, ಇದು ಪಾಸ್ಟರ್ ಹಾಕಿದ ಕರಾರು.

"ರಕ್ಷಣಾ ಪುಕ್ಕಟ ಅಂದ್ರಿ, ರೊಟ್ಟಿಗೆ ಕರಾರ ಹಾಕ್ತೀರೇನ್ರಿ?" ಎಂದು ಕೇಳಿದೆ. ಫೋನ್ ಇಟ್ಟರು.

ನಾನೇ ಹೋಗಿ ಅವಳಿಗೆ ಕರಾರು ತಿಳಿಸಿದೆ. ಅವಳ ಅತ್ತೆ ಬಾಗಿಲಲ್ಲಿ ಕೂತು ಸಗಣಿಯ ಕೈ ತೊಳೆಯುತ್ತಿದ್ದಳು. "ಕೇಳಿಬಿಡು ಬೇ, ಎಮ್ಮಿ ಹಾಲರ ಹೋಗಲಿ" ಎಂದಳು. ಸೊಸೆ, "ಆಗ್ಲಿ ಅತ್ತಿ, ಕೇಳ್ತೀನಿ" ಅಂದಳು. ಬೇಡ ಎನ್ನುವ ಹಕ್ಕು ನನಗಿರಲಿಲ್ಲ. ಚೆಲ್ಲಿ ಹೋಗುತ್ತಿದ್ದದ್ದು ಅವರ ಮನೆಯ ಹಾಲು, ನನ್ನದಲ್ಲವಲ್ಲ.

ಭಾನುವಾರ ಸಭೆ ತುಂಬಿತ್ತು. ಮೂವರು ಬರೆದುಕೊಟ್ಟದ್ದನ್ನು ಓದಿದರು. ಓದು ಬಾರದ ಅಜ್ಜ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದರು. ಐದನೆಯವಳಾಗಿ ಅವಳು ಎದ್ದಳು. ಕಾಗದವನ್ನು ಮಡಚಿ ಸೆರಗಿನಲ್ಲಿ ಸಿಕ್ಕಿಸಿಕೊಂಡಳು. ಹಿರಿಯರು ಫ್ಯಾನಿನ ಕೆಳಗೆ ಕೈಕಟ್ಟಿ ಕೂತಿದ್ದರು.

"ನನಗ ಕ್ಷಮಾ ಕೇಳಂದಾರ. ಕೇಳ್ತೀನಿ" ಎಂದು ಶುರು ಮಾಡಿದಳು. ತಿರುಗಿ ಜನರ ಕಡೆ ಮುಖ ಮಾಡಿದಳು. "ಆರು ವರ್ಷ ನಿಮ್ಮ ಹಾಲು ನಾ ತಳದಾಗಿಂದ ತಗದೀನಿ. ಸೌಟು ನನ್ನ ಕೈಯಾಗಿತ್ತು. ಯಾರು ಹೇಳಿದ್ರು ಅನ್ನೋದು ನಾ ಹೇಳಾಂಗಿಲ್ಲ, ಅದು ಅವರ ಸಾಕ್ಷಿ. ನಂದು ಇಷ್ಟ. ಅಜ್ಜಾ, ನಿನ್ನ ಎಮ್ಮಿ ಹಾಲು ಗಟ್ಟಿ ಇರ್ತಿತ್ತು, ನಾ ತೆಳು ತೋರ್ಸೀನಿ. ಮಾವಶಿ, ನಿಂದೂ ಹಂಗ. ಅತ್ತಿ, ನಿನ್ನ ಹಾಲೂ ಬಿಟ್ಟಿಲ್ಲ ನಾ. ನನ್ನ ಕ್ಷಮಾ ಮಾಡ್ರಿ."

ಅತ್ತೆಗೆ ಅದು ಗೊತ್ತಿರಲಿಲ್ಲ. ಮನೆಯ ಸೊಸೆಯೇ ತನ್ನ ಹಾಲನ್ನು ತಳದಿಂದ ತೆಗೆಯುತ್ತಿದ್ದಳು ಎಂಬುದನ್ನು ಆ ಮುದುಕಿ ಅಲ್ಲೇ, ಎಲ್ಲರ ನಡುವೆ ಕೇಳಿಸಿಕೊಂಡಳು. ಸೆರಗು ಬಾಯಿಗೆ ಒತ್ತಿ ಹಿಡಿದಳು. ಅಜ್ಜ, "ಮಾಡೇನವಾ, ಕುಂಡರು" ಎಂದರು. ಹಿರಿಯರು ಪಾಸ್ಟರ್ ಕಡೆ ನೋಡಿದರು.

ಪಾಸ್ಟರ್ ಪ್ರಾರ್ಥನೆ ಮಾಡಿ ರೊಟ್ಟಿ ಮುರಿದರು. ಹೊಸಬರನ್ನು ಮುಂದೆ ಸಾಲಾಗಿ ನಿಲ್ಲಿಸಿದ್ದರು. ಅಕ್ಕನಿಗೆ ಕೊಟ್ಟರು, ತಂಗಿಗೆ ಕೊಟ್ಟರು, ಬಿಸಿಯೂಟದಾಕೆಗೆ ಕೊಟ್ಟರು. ಡೇರಿಯ ಹೆಣ್ಣುಮಗಳು ಎರಡೂ ಅಂಗೈ ಜೋಡಿಸಿ ಚಾಚಿದ್ದಳು. ತಟ್ಟೆ ಅವಳ ಮುಂದೆ ಬಂದು ನಿಂತಿತು, ಆಮೇಲೆ ಅಜ್ಜನ ಮುಂದೆ ಹೋಯಿತು. ಅಜ್ಜ ಕೈ ಹಿಂದಕ್ಕೆ ಎಳೆದುಕೊಂಡರು. ತಟ್ಟೆ ನಮ್ಮ ಸಾಲಿಗೆ ಬಂತು, ನಾನು ತೆಗೆದುಕೊಂಡೆ. ಅವಳು ಇನ್ನೂ ಅಂಗೈ ಚಾಚಿಕೊಂಡೇ ನಿಂತಿದ್ದಳು. ಕೈ ಕೆಳಗಿಳಿಸಲು ಅವಳಿಗೆ ತೋಚಿರಲಿಲ್ಲ.

ನಮ್ಮಲ್ಲಿ ರೊಟ್ಟಿ ಕೊಡುವ ಅಧಿಕಾರ ಪಾಸ್ಟರಿಗೆ ಮಾತ್ರ. ನನಗೆ ಅದು ಚೆನ್ನಾಗಿ ಗೊತ್ತು, ಐದನೇ ಪಾಠದಲ್ಲಿ ನಾನೇ ಕಲಿಸುತ್ತಿದ್ದೆ. ಎದ್ದು ಹೋಗಿ ನನ್ನ ತುಣುಕನ್ನು ಮೂರು ಮಾಡಿದೆ. ಅವಳ ಅಂಗೈಗೆ ಒಂದು ಹಾಕಿದೆ, ಅಜ್ಜನಿಗೆ ಒಂದು ಕೊಟ್ಟೆ, ಉಳಿದದ್ದನ್ನು ತಿಂದೆ. ಅದನ್ನು ಮಾಡಿಸಿದ್ದು ಸಿಟ್ಟು. ಭಕ್ತಿ ಎಂದು ಬರೆಯಬಹುದಿತ್ತು, ಅದು ಸುಳ್ಳಾಗುತ್ತದೆ.

ಮುಂದಿನ ವಾರ ಪಾಸ್ಟರ್ ನಿಪ್ಪಾಣಿಗೇ ಬಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು, "ತಪ್ಪಾತು ಅಂತ ಒಂದು ಚೀಟಿ ಬರದು ಕೊಡ್ರಿ ಅಕ್ಕಾರ. ಸಭಾದಾಗ ಓದ್ತೀನಿ. ಮುಂದಿನ ಪಾಠ ಮತ್ತ ನಿಮಗ ಕೊಡ್ತೀನಿ."

ಅವರನ್ನು ಕೂರಿಸಿ, ಚಹಾ ಕೊಟ್ಟು, ಅಲ್ಲೇ ಬರೆದುಕೊಟ್ಟೆ: ಒಂದು ವಾರ ನಾನು ಕೆಲಸ ಹೋಗುತ್ತದೆಂದು ಹೆದರಿ ಒಂಬತ್ತನೇ ಪಾಠವನ್ನು ಮುಚ್ಚಿಟ್ಟೆ. ನಾನು ಕಲಿಸಿದ್ದನ್ನು ನಂಬಿದ ಹೆಣ್ಣುಮಗಳು ಆ ವಾರ ಒಬ್ಬಳೇ ಅನುಭವಿಸಿದಳು. ಅವಳ ಬಳಿಯೂ, ಅವಳ ಜೊತೆ ಪಾಠಕ್ಕೆ ಕೂತ ನಾಲ್ವರ ಬಳಿಯೂ ಸಭೆಯ ಮುಂದೆ ಕ್ಷಮೆ ಕೇಳುತ್ತೇನೆ.

ಪಾಸ್ಟರ್ ಓದಿ, ಮಡಚಿ ಜೇಬಿಗೆ ಇಟ್ಟುಕೊಂಡು ಹೋದರು. ಚೀಟಿಯನ್ನು ಸಭೆಯಲ್ಲಿ ಓದಲಿಲ್ಲ. ನನ್ನ ಜಾಗಕ್ಕೆ ಬೇರೆಯವರನ್ನು ನೇಮಿಸಿದರು, ಈಗ ಅಲ್ಲಿ ಆರೇ ಪಾಠ. ಆ ಹೆಣ್ಣುಮಗಳು ಕಬ್ಬಿನ ಕಳೆ ಕೀಳಲು ಹೋಗುತ್ತಾಳೆ. ಅತ್ತೆ ಮೂರು ವಾರ ಮಾತು ಬಿಟ್ಟಿದ್ದಳು, ಈಗ ಆಡುತ್ತಾಳಂತೆ. ಸಭೆಯಲ್ಲಿ ಇಬ್ಬರೂ ಹಿಂದಿನ ಚಾಪೆಯ ಮೇಲೆ ಕೂರುತ್ತಾರೆ.

ನನ್ನ ಚೀಟಿ ಯಾರಿಗೆ ಮುಟ್ಟಬೇಕಿತ್ತೋ ಅವರಿಗೆ ಮುಟ್ಟಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.